ಬಾಜೂ ಖಾಟಿನ ಅಕ್ಕನ ಎಲುಬು

ಕಳೆದ ವಾರ ನನ್ನ ಮೇಜಿಗೆ ಒಂದು ಎಕ್ಸರೇ ಲಕೋಟೆ ಬಂತು. ಅಫಜಲಪುರ ಕಡೆಯ ಒಬ್ಬ ಹೆಣ್ಣುಮಗಳದು. ಆಕೆಯ ತೊಡೆಯ ಎಲುಬಿನಿಂದ ತೆಗೆದ ಚೂರು ಮೊದಲೇ ನಮ್ಮ ಲ್ಯಾಬಿಗೆ ಬಂದಿತ್ತು. ಆದರೆ ಎಕ್ಸರೇ ನೋಡದೆ ಎಲುಬಿನ ಗಂಟಿನ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಅದು ನನ್ನ ಹಟ. ಆ ಹಟಕ್ಕೆ ಮಣಿದು ಆಕೆಯ ಅಣ್ಣ ತಾನೇ ಲಕೋಟೆ ಹಿಡಿದುಕೊಂಡು ಬಂದಿದ್ದ. ಬಿಚ್ಚಿದರೆ ಫಿಲ್ಮಿಗಿಂತ ಮೊದಲು ವಾಸನೆ ಹೊರಗೆ ಬಂತು. ಕುಸುಬಿ ಎಣ್ಣೆ, ಅರಿಸಿನ, ಜೊತೆಗೆ ಮೊಟ್ಟೆಯ ಲೋಳೆ ಬಟ್ಟೆಯ ಮೇಲೆ ಒಣಗಿದಾಗ ಬರುವ ಒಂದು ಕಮಟು...

"ಎಲ್ಲಿಯರ ಕಟ್ಟು ಕಟ್ಟಿಸಿದ್ರೇನು?" ಎಂದು ಕೇಳಿದೆ.

"ಇಲ್ರಿ ಮೇಡಂ. ಯಾರಿಗೂ ತೋರ್ಸಿಲ್ರಿ. ಸೀದಾ ಇಲ್ಲಿಗೇ ಬಂದೇವ್ರಿ" ಎಂದ. ಕಣ್ಣು ಮಾತ್ರ ಗೋಡೆಯ ಮೇಲಿತ್ತು.

ಸುಳ್ಳು ಎಂದು ನನಗೆ ಕೂಡಲೇ ತಿಳಿಯಿತು. ಅದಕ್ಕೆ ದೊಡ್ಡ ಜಾಣತನವೇನೂ ಬೇಕಿರಲಿಲ್ಲ. ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ದನಿಯಲ್ಲಿ, ಇದೇ ದವಾಖಾನೆಯಲ್ಲಿ ನಮ್ಮ ಅವ್ವ ಹೇಳಿದ್ದಳು. ಆಗ ಮಲಗಿದ್ದ ರೋಗಿ ನಾನು. ಅವ್ವನ ಸುಳ್ಳನ್ನು ನಡುವಾರ್ಡಿನಲ್ಲಿ ಒಡೆದು ಹಾಕಿದವಳು ನನ್ನ ಬಾಜೂ ಖಾಟಿನಲ್ಲಿದ್ದ ಅಕ್ಕ.

ನಾನು ಈಗ ಪೆಥಾಲಜಿ ಡಾಕ್ಟರು. ರೋಗಿಯ ಮುಖ ನೋಡುವುದು ಕಡಿಮೆ. ದೇಹದಿಂದ ತೆಗೆದ ಚೂರನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಕೂರಿಸಿದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಸಾದಾ ಗಂಟೋ ಕೆಟ್ಟ ಗಂಟೋ ಎಂದು ಹೇಳುವುದು ನನ್ನ ಕೆಲಸ. ಅನುಮಾನವೇ ನನ್ನ ಕಸುಬು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಅದಕ್ಕೇ ನನಗೆ ಸಂಬಳ ಕೊಡುತ್ತಾರೆ. ಆದರೆ ಈ ಗುಣ ಕಾಲೇಜಿನಲ್ಲಿ ಕಲಿತದ್ದಲ್ಲ, ಅವ್ವನಿಂದ ಬಂದದ್ದು. ಅಂಗಡಿಯವನು ಸಕ್ಕರೆ ತುಸು ಹೆಚ್ಚು ತೂಗಿದರೆ "ಇಂವಗ ನಮ್ಮಿಂದ ಏನ ಬೇಕಾಗ್ಯಾದ?" ಎಂದು ಕೇಳುವ ಹೆಂಗಸು ಆಕೆ. ಲೋಕದಲ್ಲಿ ಯಾರೂ ಸುಮ್ಮನೆ ಒಳ್ಳೆಯವರಾಗಿರುವುದಿಲ್ಲ ಎಂಬುದು ಆಕೆಯ ಗಟ್ಟಿ ನಂಬಿಕೆ.

ನಾನಾಗ ಆಳಂದದಲ್ಲಿ ಪಿಯುಸಿ ಓದುತ್ತಿದ್ದೆ. ನಮ್ಮೂರು ಕಿಣ್ಣಿ ಸುಲ್ತಾನ. ತೊಗರಿ ರಾಶಿಯ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಟ್ರಾಲಿಯಿಂದ ಗಂಡುಬೀರಿಯಂತೆ ಕೆಳಗೆ ಹಾರಿದೆ. ಮೊಣಕಾಲಿನ ಮೇಲುಗಡೆ ಏನೋ ಚಟ್ ಎಂದಂತಾಯಿತು. ನಡೆಯಲು ಬರುತ್ತಿತ್ತು, ಆದರೆ ನೋವಿತ್ತು. ನಡೆಯಲು ಬರುತ್ತದೆ ಎಂದ ಮೇಲೆ ಮುರಿದಿಲ್ಲ, ಬರೀ ಉಳುಕಿದೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಉಳುಕಿಗೆ ದವಾಖಾನೆ ಯಾಕೆ? ಅಫಜಲಪುರದಿಂದ ಒಳಗೆ, ಭೀಮಾ ದಂಡೆಯ ಒಂದು ಊರಿನಲ್ಲಿ ಎಲುಬು ಕಟ್ಟುವ ಅಜ್ಜ, ನಮ್ಮ ಮಾತಿನಲ್ಲಿ ಮುತ್ಯಾ, ಒಬ್ಬರಿದ್ದರು. ಅಪ್ಪ ಅಲ್ಲಿಗೆ ಕರೆದುಕೊಂಡು ಹೋದರು.

ಮುತ್ಯಾ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಿದರು, ಒತ್ತಿದರು, ಎಳೆದರು. ಉದ್ದಿನ ಹಿಟ್ಟಿಗೆ ಮೊಟ್ಟೆಯ ಲೋಳೆ ಕಲಸಿ ಬಳಿದು, ಬಿದಿರಿನ ಪಟ್ಟಿ ಇಟ್ಟು, ಹಳೆಯ ಧೋತರದ ಅರಿವೆಯಿಂದ ಬಿಗಿದು ಕಟ್ಟಿದರು. ವಾರ ಕಳೆದರೆ ಬಿಚ್ಚಿ ಮತ್ತೆ ತಿಕ್ಕುವುದು, ಮತ್ತೆ ಕಟ್ಟುವುದು. ನಾನು ಚೀರಿದರೆ "ಒದರಲಿ ಬಿಡ್ರಿ, ಒದರಿದಷ್ಟು ಎಲುಬು ಲಗೂನ ಕೂಡ್ತದ" ಎಂದು ನಗುತ್ತಿದ್ದರು. ಎಲುಬು ಕೂಡಿತೋ ಇಲ್ಲವೋ, ಮೊಣಕಾಲಿನ ಮೇಲೆ ಕಲ್ಲಿನಂಥ ಗಂಟೊಂದು ಎದ್ದಿತು. ತಿಕ್ಕಿದಷ್ಟೂ ಬೆಳೆಯಿತು. ಕೊನೆಗೆ ಆಳಂದದ ಡಾಕ್ಟರು ಎಕ್ಸರೇ ತೆಗೆಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಈ ಗಂಟ ನಂಗ ಛಲೋ ಕಾಣಂಗಿಲ್ಲ. ಗುಲ್ಬರ್ಗಾಕ್ಕ ಒಯ್ರಿ" ಎಂದರು.

ಹೊರಡುವ ದಿನ ಅವ್ವ ಸೀಗೆಪುಡಿ ಹಾಕಿ ನನ್ನ ಕಾಲನ್ನು ಪಾತ್ರೆ ಬೆಳಗಿದಂತೆ ಬೆಳಗಿದಳು. ಆಮೇಲೆ ಅಪ್ಪನಿಂದಲೂ ನನ್ನಿಂದಲೂ ಒಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡಳು. ಕಟ್ಟು ಕಟ್ಟಿಸಿದ ಮಾತನ್ನು ಯಾರೂ ಎತ್ತಬಾರದು. ಎತ್ತಿದರೆ ದೊಡ್ಡ ದವಾಖಾನೆಯ ಡಾಕ್ಟರು ಬೈಯುತ್ತಾರೆ, "ಅಲ್ಲೇ ಹೋಗಿ ಕಟ್ಟಿಸ್ಕೊಳ್ರಿ" ಎಂದು ಹೊರಗೆ ಹಾಕುತ್ತಾರೆ ಎಂದು ಆಕೆಗೆ ಯಾರೋ ಹೇಳಿದ್ದರು. ಇದು ನಮ್ಮ ಮನೆಯೊಂದರ ಬುದ್ಧಿಯಲ್ಲ. ನಮ್ಮ ಕಡೆ ಎಲ್ಲರೂ ಕಟ್ಟು ಕಟ್ಟಿಸುತ್ತಾರೆ, ದವಾಖಾನೆಯ ಮೆಟ್ಟಿಲು ಹತ್ತುವ ಮುಂಚೆ ಎಲ್ಲರೂ ತೊಳೆದುಕೊಳ್ಳುತ್ತಾರೆ.

ಹೆಂಗಸರ ಎಲುಬಿನ ವಾರ್ಡಿನಲ್ಲಿ ನನಗೆ ಕಿಟಕಿಯ ಪಕ್ಕದ ಖಾಟು ಸಿಕ್ಕಿತು. ಅದರ ಬಾಜೂ ಖಾಟಿನಲ್ಲಿ ಆಕೆ ಇದ್ದಳು. ಯಡ್ರಾಮಿಯ ಸೊಸೆ. ಮೂವತ್ತರ ಒಳಗಿನ ಹೆಂಗಸು, ಗೋಧಿ ಬಣ್ಣ, ದೊಡ್ಡ ಬಾಯಿ, ಅದಕ್ಕೆ ತಕ್ಕ ದೊಡ್ಡ ನಗು. ಗಂಡ ಟಂಟಂ ಓಡಿಸುವವನಂತೆ, ಬಾಡಿಗೆ ಇಲ್ಲದ ದಿನ ಬಂದು ಹೋಗುತ್ತಿದ್ದ. ಮಿಕ್ಕಂತೆ ಒಬ್ಬಳೇ. ಆಕೆಗೂ ನನ್ನಂತೆಯೇ ಮೊಣಕಾಲಿನ ಮೇಲೆ ಗಂಟು. ಬಂದ ಮೊದಲ ದಿನವೇ ನನ್ನ ಕೂದಲು ಬಿಚ್ಚಿ, "ಇದೇನ ತಂಗಿ, ಗುಬ್ಬಿ ಗೂಡು" ಎಂದು ಬಾಚಲು ಕೂತಳು.

ಅವ್ವನಿಗೆ ಇದು ಸೇರಲಿಲ್ಲ. ಪರಿಚಯವಿಲ್ಲದವರು ತಲೆ ಬಾಚುವುದೆಂದರೇನು? "ನಿಮ್ಮ ಮನಿದೇವ್ರ ಯಾವುದು?" ಎಂದು ಕೇಳಿದಳು. ನಮ್ಮ ಕಡೆ ಜಾತಿ ಕೇಳುವ ಮರ್ಯಾದೆಯ ದಾರಿ ಅದು. ಅಕ್ಕನಿಗೆ ತಿಳಿಯಲಿಲ್ಲವೆ? "ದವಾಖಾನ್ಯಾಗ ಎಲ್ಲಾರದೂ ಒಂದೇ ಗ್ಲುಕೋಸ್ ಬಿಡ್ರಿ ಅಮ್ಮಾರ" ಎಂದು ನಕ್ಕುಬಿಟ್ಟಳು. ಆ ಉತ್ತರದಿಂದ ಅವ್ವನ ಸಂಶಯ ಇನ್ನೂ ಹೆಚ್ಚಿತು. ಅಕ್ಕ ಕೊಟ್ಟ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಮುಂದೆ ಇಸಿದುಕೊಂಡು, ಹಿಂದೆ ಕಿಟಕಿಯಿಂದ ಕಾಗೆಗೆ ಹಾಕಿದಳು. ಕಾಗೆಗೆ ಏನೂ ಆಗಲಿಲ್ಲ. ಆದರೂ ನನಗೆ ತಿನ್ನಲು ಕೊಡಲಿಲ್ಲ.

ನನಗೂ ಅಕ್ಕನ ಬಗ್ಗೆ ಒಂದು ಅಳುಕು ಇತ್ತು. ಆಕೆ ನನ್ನ ಕಾಲನ್ನೇ ನೋಡುತ್ತಿದ್ದಳು. ಬಿದಿರಿನ ಪಟ್ಟಿ ಒತ್ತಿದ ಕಡೆ ಚರ್ಮ ಬಿಳಿಚಿ ಉದ್ದುದ್ದ ಗೆರೆಗಳಾಗಿದ್ದವು. ಅವ್ವನ ಸೀಗೆಪುಡಿಗೂ ಅವು ಹೋಗಿರಲಿಲ್ಲ. "ಎಲ್ಲಿ ಕಟ್ಟಿಸಿದ್ದಿ ತಂಗಿ?" ಎಂದು ಒಮ್ಮೆ ಮೆಲ್ಲಗೆ ಕೇಳಿದಳು. ಎಲ್ಲಿಯೂ ಇಲ್ಲ ಎಂದೆ. "ಹೋಗ್ಲಿ ಬಿಡು" ಎಂದಳು. ಆದರೆ ಸೀರೆ ಸರಿಪಡಿಸಿಕೊಳ್ಳುವಾಗ ಆಕೆಯ ಕಾಲನ್ನೂ ನಾನು ನೋಡಿದ್ದೆ. ಅಲ್ಲಿಯೂ ಅವೇ ಗೆರೆಗಳು.

ಇಬ್ಬರ ಎಲುಬಿನಿಂದಲೂ ಒಂದೇ ದಿನ ಚೂರು ತೆಗೆದರು. ಎಲುಬಿನ ಬಯಾಪ್ಸಿ ಬೇಗ ತಿಳಿಯುವುದಿಲ್ಲ. ಆಮ್ಲದಲ್ಲಿ ನೆನೆಸಿ ಮೆತ್ತಗಾದ ಮೇಲೆಯೇ ಕತ್ತರಿಸಬೇಕು. ಕಾಯುವ ಆ ದಿನಗಳಲ್ಲಿ ಅವ್ವ ಡಾಕ್ಟರರನ್ನೂ ನಂಬಲಿಲ್ಲ, ನರ್ಸ್‌ಗಳನ್ನೂ ನಂಬಲಿಲ್ಲ. ಹೆಚ್ಚು ಕಾಲು ಕತ್ತರಿಸಿದ ಡಾಕ್ಟರಿಗೆ ಹೆಚ್ಚು ಹೆಸರು ಬರುತ್ತದೆ ಎಂದು ಯಾರೋ ಹೇಳಿದ್ದನ್ನು ನಿಜವೆಂದುಕೊಂಡು, ದೊಡ್ಡ ಡಾಕ್ಟರು ಬಂದಾಗಲೆಲ್ಲ ನನ್ನ ಕಾಲಿನ ಮೇಲೆ ಕೈ ಇಟ್ಟುಕೊಂಡು ಕೂರುತ್ತಿದ್ದಳು.

ಕೊನೆಗೆ ದೊಡ್ಡ ಡಾಕ್ಟರು ಅಪ್ಪನನ್ನು ಕರೆದು ಹೇಳಿದರು. ಗಂಟಿನೊಳಗೆ ಮೃದ್ವಸ್ಥಿ ಬೆಳೆದಿದೆ, ಹೊಸ ಎಲುಬೂ ಬೆಳೆದಿದೆ, ಜೀವಕೋಶಗಳು ವಿಪರೀತ ಚುರುಕಾಗಿವೆ. ಎಲುಬಿನ ಕ್ಯಾನ್ಸರ್ ಇದ್ದಂತಿದೆ, ತೊಡೆಯಿಂದ ಕಾಲು ತೆಗೆಯಬೇಕಾಗಬಹುದು. ಅಕ್ಕನ ಗಂಡನನ್ನು ಕರೆದು ಹೇಳಿದ್ದೂ ಅದನ್ನೇ. ಇಬ್ಬರಿಗೂ ಒಂದೇ ಮಾತು. ಅಪ್ಪ ಹೊರಗಿನ ಬೇವಿನ ಗಿಡದ ಕೆಳಗೆ ಹೋಗಿ ಕೂತರು. ಅವ್ವ ಅಳಲಿಲ್ಲ. "ಮದಿವಿ ಆಗೂ ಹುಡುಗಿ" ಎಂದು ಮಾತ್ರ ಮತ್ತೆ ಮತ್ತೆ ಅಂದಳು. ನಾನು ಹೊದಿಕೆಯೊಳಗೆ ನನ್ನ ಕಾಲ್ಬೆರಳುಗಳನ್ನು ಅಲ್ಲಾಡಿಸಿ ನೋಡಿಕೊಳ್ಳುತ್ತಿದ್ದೆ.

ಈಗ ನನಗೆ ತಿಳಿದಿರುವುದನ್ನು ಇಲ್ಲಿ ಹೇಳಬೇಕು. ಎಲುಬು ಮುರಿದಾಗ ದೇಹ ಸುಮ್ಮನೆ ಕೂರುವುದಿಲ್ಲ. ಮುರಿದ ಜಾಗದಲ್ಲಿ ಮೊದಲು ಕೊಲಾಜನ್ ಎಂಬ ನಾರನ್ನು ನೇಯುತ್ತದೆ. ಅದರ ಜೊತೆಗೆ ಮೃದ್ವಸ್ಥಿ ಬೆಳೆಯುತ್ತದೆ, ಅಂದರೆ ನಮ್ಮ ಕಿವಿಯಲ್ಲಿ ಮಡಚಲು ಬರುವಂಥ ಮೆತ್ತನೆಯ ಎಲುಬು. ಆಮೇಲೆ ಅದು ನಿಧಾನವಾಗಿ ಗಟ್ಟಿ ಎಲುಬಾಗಿ ತಿರುಗುತ್ತದೆ. ಹೀಗೆ ಕೂಡುತ್ತಿರುವ ಎಲುಬನ್ನು ವಾರವಾರ ತಿಕ್ಕಿದರೆ ಈ ಕೆಲಸ ಅತಿಯಾಗಿ ಗಂಟೇ ಏಳುತ್ತದೆ. ಎಲುಬಿನ ಕೆಟ್ಟ ಗಂಟು ಮಾಡುವುದೂ ಇವೇ ಕೆಲಸಗಳನ್ನೇ. ಅದೂ ಕೊಲಾಜನ್ ನೇಯುತ್ತದೆ, ಅದೂ ಮೃದ್ವಸ್ಥಿ ಬೆಳೆಸುತ್ತದೆ. ಸಣ್ಣ ಚೂರೊಂದನ್ನೇ ಇಟ್ಟುಕೊಂಡು ನೋಡಿದರೆ ವಾಸಿಯಾಗುತ್ತಿರುವ ಎಲುಬು ಯಾವುದು, ಸಾಯಿಸಲು ಬಂದ ಗಂಟು ಯಾವುದು ಎಂದು ಎಂಥವರೂ ಮೋಸಹೋಗಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಅದಕ್ಕೇ ಕಾಲಿನ ಹಿಂದಿನ ಕಥೆ ಬೇಕು. ಎಲುಬು ಮುರಿದಿತ್ತೇ, ಯಾರಾದರೂ ತಿಕ್ಕಿ ಕಟ್ಟಿದ್ದರೇ ಎಂದು ತಿಳಿಯಬೇಕು. ಆ ಕಥೆಯನ್ನೇ ನಾವು ಸೀಗೆಪುಡಿ ಹಾಕಿ ತೊಳೆದಿದ್ದೆವು.

ಮರುದಿನ ವಾರ್ಡಿಗೆ ಒಬ್ಬ ಮೇಡಂ ಬಂದರು. ಗಿಡ್ಡ ಆಳು, ದಪ್ಪ ಕನ್ನಡಕ, ಕೈಯಲ್ಲಿ ಎರಡು ಎಕ್ಸರೇ. ಸ್ಲೈಡ್ ನೋಡಿದ ಪೆಥಾಲಜಿ ಡಾಕ್ಟರು ಅವರು. ಅಂಥವರು ವಾರ್ಡಿಗೆ ಬರುವುದೇ ಇಲ್ಲವಾದ್ದರಿಂದ ನರ್ಸ್‌ಗಳೂ ಎದ್ದು ನಿಂತರು. ಮೇಡಂ ನನ್ನ ಖಾಟಿನ ಹತ್ತಿರ ನಿಂತು ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಈ ಕಾಲಿಗಿ ಪೆಟ್ಟ ಬಿದ್ದಿತ್ತೇನು? ಯಾರರ ತಿಕ್ಕಿ ಕಟ್ಟು ಕಟ್ಯಾರೇನು?"

"ಇಲ್ರಿ ಬಾಯಿ. ಯಾರೂ ಮುಟ್ಟೇ ಇಲ್ರಿ. ಸೀದಾ ಇಲ್ಲಿಗೇ ಬಂದೇವ್ರಿ" ಎಂದಳು ಅವ್ವ.

ಮೇಡಂ ಅಪ್ಪನನ್ನು ಕೇಳಿದರು. ಅಪ್ಪ ತಲೆ ತಗ್ಗಿಸಿ ಇಲ್ಲ ಎಂದರು. ನನ್ನನ್ನು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೊದಿಕೆಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡೆ. ಆಣೆ ಮಾಡಿದ್ದೆನಲ್ಲ... ಇಲ್ಲ ಎಂದೆ. ಮೇಡಂ ಇನ್ನೊಮ್ಮೆ ನಮ್ಮನ್ನು ನೋಡಿದರು. ಅವರಿಗೆ ನಾವು ಹೇಳಿದ್ದರ ಮೇಲೆ ನಂಬಿಕೆಯಿರಲಿಲ್ಲ. ಹಾಗೆಂದು ನಮ್ಮ ಬಾಯಿಂದ ನಿಜ ಹೊರಡಿಸುವ ದಾರಿಯೂ ಇರಲಿಲ್ಲ. ಎಕ್ಸರೇ ಕೆಳಗಿಳಿಸಿ ಹೊರಟರು.

"ಸುಳ್ಳ ಹೇಳ್ತಾರ್ರಿ ಡಾಕ್ಟರ್ ಬಾಯಿ!"

ಬಾಜೂ ಖಾಟಿನಿಂದ ಬಂದ ದನಿ. ಅಕ್ಕ ಮೊಣಕೈ ಊರಿ ಎದ್ದು ಕೂತಿದ್ದಳು. "ಕಟ್ಟಿಸ್ಯಾರ್ರಿ. ಹೊದಿಕಿ ತಗದು ನೋಡ್ರಿ, ಪಟ್ಟಿ ಒತ್ತಿದ್ದು ಇನ್ನ ಅದ. ಅದು ನಮ್ಮಪ್ಪನ ಕಟ್ಟರಿ. ಸಣ್ಣಾಕಿ ಇದ್ದಾಗಿಂದ ನೋಡೇನಿ, ನಂಗ ಗುರ್ತ ಸಿಗಂಗಿಲ್ಲೇನ್ರಿ?"

ಭೀಮಾ ದಂಡೆಯ ಆ ಮುತ್ಯಾನ ಮಗಳು ಆಕೆ! ಅದು ನಮಗೆ ತಿಳಿದದ್ದೇ ಆಗ. ಮೇಡಂ ಹಿಂತಿರುಗಿ ಬಂದು ಹೊದಿಕೆ ಸರಿಸಿ ಗೆರೆಗಳ ಮೇಲೆ ಬೆರಳಾಡಿಸಿದರು. ಅಪ್ಪ ಎಲ್ಲವನ್ನೂ ಹೇಳಿಬಿಟ್ಟರು. ಟ್ರಾಲಿಯಿಂದ ಹಾರಿದ್ದು, ಎಣ್ಣೆ, ತಿಕ್ಕಿದ್ದು, ವಾರವಾರ ಬಿಚ್ಚಿ ಕಟ್ಟಿದ್ದು. ಯಾರೂ ಬೈಯಲಿಲ್ಲ, ಯಾರೂ ಹೊರಗೆ ಹಾಕಲಿಲ್ಲ. ಕೊನೆಗೆ ಮೇಡಂ ಅಕ್ಕನ ಕಡೆ ತಿರುಗಿ, "ಮತ್ತ ನಿನ್ನ ಕಾಲು?" ಎಂದರು.

"ನಂದು ಬ್ಯಾರೆ ಅದರಿ" ಎಂದಳು ಅಕ್ಕ. ಅಷ್ಟೇ. ಕಟ್ಟಿಸಿದ್ದೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಮೇಡಂ ಹೋದ ಮೇಲೆ ಅವ್ವ ಅಕ್ಕನ ಮೇಲೆ ಹರಿಹಾಯ್ದಳು. "ನಮ್ಮ ಮನೀ ಮಾತ ನಡುಬಜಾರದಾಗ ಹೇಳಾಕ ನೀ ಯಾರ ಬೇ? ಡಾಕ್ಟರ ನಿಂಗೇನ ಲಂಚ ಕೊಟ್ಟಾರೇನು?" ಎಂದಳು. ಇನ್ನೂ ಏನೇನೋ ಅಂದಳು, ಬರೆಯಲು ಬಾರದ ಮಾತುಗಳು. ಅಕ್ಕ ಗೋಡೆಯ ಕಡೆ ಮಗ್ಗುಲಾದಳು. ಅಂದಿನಿಂದ ನನ್ನ ತಲೆಯನ್ನು ಅವ್ವನೇ ಬಾಚಿದಳು, ನೋವಾಗುವಂತೆ.

ನನ್ನ ಆಪರೇಷನ್ ನಿಂತಿತು. ಕಾಲಿಗೆ ಪ್ಲಾಸ್ಟರ್ ಹಾಕಿ, ಯಾರೂ ಮುಟ್ಟದಂತೆ ಬಿಟ್ಟು ಕಾದು ನೋಡೋಣ ಎಂದರು. ಕೆಲವು ವಾರಗಳ ಮೇಲೆ ಮತ್ತೆ ಎಕ್ಸರೇ ತೆಗೆದಾಗ ಗಂಟು ಬಲಿತು ಗಟ್ಟಿಯಾಗಿತ್ತು, ಒಳಗೆ ಹಳೆಯ ಮುರಿತದ ಗೆರೆ ಕಾಣುತ್ತಿತ್ತು. ಕ್ಯಾನ್ಸರ್ ಅಲ್ಲ, ಮುರಿದ ಎಲುಬು ಕೂಡಿದ್ದು ಎಂದರು. ಅಪ್ಪ ದೊಡ್ಡ ಡಾಕ್ಟರ ಕಾಲು ಮುಟ್ಟಲು ಹೋದರು. ಮುಟ್ಟಬೇಕಾದ ಕಾಲು ಯಾವುದು ಎಂದು ನಮ್ಮಲ್ಲಿ ಯಾರಿಗೂ ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ಅಕ್ಕನ ಕಾಲನ್ನು ತೆಗೆದಿದ್ದರು. ಮನೆಗೆ ಹೊರಡುವ ದಿನ ಅವ್ವ ಗಂಟುಮೂಟೆ ಕಟ್ಟುತ್ತಿದ್ದಾಗ ನಾನು ಕೋಲೂರಿಕೊಂಡು ಆಕೆಯ ಖಾಟಿನ ಬಳಿ ಹೋದೆ. ಹೊದಿಕೆ ಒಂದು ಕಡೆ ತೊಡೆಯ ಕೆಳಗೆ ಸಪಾಟಾಗಿತ್ತು. ನನ್ನನ್ನು ಕಂಡು ನಕ್ಕಳು. ಮೊದಲಿನ ದೊಡ್ಡ ನಗುವಲ್ಲ.

"ಅಕ್ಕಾರ, ನಿಮ್ಮದೂ ಹೇಳಬೇಕಿತ್ತಲ್ರಿ..." ಎಂದೆ.

"ನಂದು ಬ್ಯಾರೆ ಅದ ಅಂದೆನಲ್ಲ ತಂಗಿ. ನಿಂದು ಕಟ್ಟಿದ ಮ್ಯಾಲ ಬಾತಿದ್ದು. ನಂದು ಬಾತ ಮ್ಯಾಲ ಕಟ್ಟಿದ್ದು."

ಅವ್ವ ಬಂದು ರಟ್ಟೆ ಹಿಡಿದು ಎಳೆದಳು. ಹೊರಗೆ ಬಸ್ಸಿಗೆ ಕಾಯುತ್ತ ನಿಂತಾಗ ತಾನೇ ಒಂದು ಅರ್ಥ ಹಚ್ಚಿದಳು: "ಅಪ್ಪನ ಹೆಸರ ಉಳಸಾಕ ಕಾಲ ಕೊಟ್ಟಾಳ, ಹುಚ್ಚಿ. ಅದೂ ಆ ಮುದುಕ ತಿಕ್ಕಿ ಎಬ್ಬಿಸಿದ ಗಂಟೇ. ಹೆತ್ತ ಮಗಳ ಕಾಲ ತಾನೇ ತಿಂದ." ಅದು ನನಗೂ ಸರಿ ಎನ್ನಿಸಿತು. ಇಬ್ಬರದೂ ಒಂದೇ ಜಾಗದ ಗಂಟು, ಒಂದೇ ಕೈಯ ಕಟ್ಟು, ಒಂದೇ ರಿಪೋರ್ಟು. ನನ್ನ ಸುಳ್ಳನ್ನು ಒಡೆದ ಮೇಲೆ ನನ್ನ ಕಾಲು ಉಳಿಯಿತು. ತನ್ನದನ್ನು ಬಾಯಿ ಬಿಟ್ಟು ಹೇಳಿದ್ದರೆ ಆಕೆಯದೂ ಉಳಿಯುತ್ತಿತ್ತು ಎಂದು ನಂಬಿಕೊಂಡೆ. ಆಕೆ ಹೇಳಿದ ಆ ಕೊನೆಯ ಮಾತನ್ನು ನೆಪವೆಂದು ತಿಳಿದೆ.

ಮುಂದಿನ ಸುಗ್ಗಿಯ ಹೊತ್ತಿಗೆ ಅಕ್ಕ ತೀರಿಕೊಂಡ ಸುದ್ದಿ ಬಂತು. ಹೇಗೆ ಎಂದು ಸರಿಯಾಗಿ ತಿಳಿಯಲಿಲ್ಲ. ಗಾಯ ಹಣ್ಣಾಗಿ ಜ್ವರ ಏರಿತ್ತು ಎಂದು ಕೆಲವರು, ರೋಗ ಎದೆಗೆ ಹತ್ತಿತ್ತು ಎಂದು ಕೆಲವರು. ಮುತ್ಯಾ ಕಟ್ಟು ಕಟ್ಟುವುದನ್ನೇ ಬಿಟ್ಟರಂತೆ. ಯಾರಾದರೂ ಕಾಲು ಹಿಡಿದುಕೊಂಡು ಬಂದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದರಂತೆ. "ತಪ್ಪ ಮಾಡಿದ ಕೈ, ಅದಕ್ಕೇ ನಿಂತದ" ಎಂದಳು ಅವ್ವ.

ನಾನು ಡಾಕ್ಟರಾದದ್ದಕ್ಕೆ ಮನೆಯಲ್ಲಿ ಬೇರೆ ಬೇರೆ ಕಾರಣ ಹೇಳುತ್ತಾರೆ. ಪೆಥಾಲಜಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ನನಗೊಬ್ಬಳಿಗೇ ಗೊತ್ತು. ಅಕ್ಕನ ಕಾಲನ್ನು ತಪ್ಪಾಗಿ ಕತ್ತರಿಸಿದರು ಎಂಬ ಅನುಮಾನ ನನ್ನನ್ನು ಬಿಟ್ಟಿರಲಿಲ್ಲ. ಒಮ್ಮೆ ಮುತ್ಯಾನ ಮೇಲೆ, ಒಮ್ಮೆ ದೊಡ್ಡ ಡಾಕ್ಟರ ಮೇಲೆ, ಹೆಚ್ಚಾಗಿ ಆ ದಪ್ಪ ಕನ್ನಡಕದ ಮೇಡಂ ಮೇಲೆ. ನನ್ನ ಖಾಟಿನ ಹತ್ತಿರ ಅಷ್ಟು ಹೊತ್ತು ನಿಂತವರು ಅಕ್ಕನ ಹತ್ತಿರ ಒಂದೇ ಪ್ರಶ್ನೆ ಕೇಳಿ ಹೋದದ್ದು ಯಾಕೆ?

ವಿಧಿಯ ಆಟವೋ ಏನೋ, ಅದೇ ಮೇಡಂ ನನಗೆ ಗುರುಗಳಾದರು. ಬಹಳ ದಿನ ಸುಮ್ಮನಿದ್ದು ಒಂದು ದಿನ ಕೇಳಿಯೇಬಿಟ್ಟೆ. ಅವರಿಗೆ ಇಬ್ಬರೂ ನೆನಪಿದ್ದೆವು. ಕಪಾಟಿನಿಂದ ವಿದ್ಯಾರ್ಥಿಗಳಿಗೆ ತೋರಿಸುವ ಸ್ಲೈಡುಗಳ ಮರದ ಪೆಟ್ಟಿಗೆಯನ್ನು ತೆಗೆದು ನನ್ನ ಮುಂದೆ ಇಟ್ಟರು. ನಮ್ಮಿಬ್ಬರ ಎಲುಬೂ ಅದರಲ್ಲಿ ಒಂದರ ಪಕ್ಕ ಒಂದು ಇದ್ದವು.

"ನಾ ಹೇಳಿದ್ದು ನೀ ನಂಬಂಗಿಲ್ಲ. ನಂಬಲೂಬ್ಯಾಡ. ನೀನೇ ನೋಡು" ಎಂದರು. ಆಮೇಲೆ, "ಆಕಿ ಸ್ಲೈಡ್ ನಾ ನಿಂದಕ್ಕಿಂತ ಹೆಚ್ಚಗಿ ನೋಡೇನಿ" ಎಂದೂ ಸೇರಿಸಿದರು.

ನಾನು ನೋಡಲಿಲ್ಲ. ಕಲಿಯುವವಳ ಕಣ್ಣು, ತಪ್ಪು ಓದಿಯೇನು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಬೇರೆ ಊರಿಗೆ ಕೆಲಸಕ್ಕೆ ಹೋದೆ, ತಿರುಗಿ ಇಲ್ಲಿಗೇ ಬಂದೆ. ಮೇಡಂ ನಿವೃತ್ತರಾದರು. ಅವರ ಕೋಣೆ, ಅವರ ಕಪಾಟು, ಆ ಪೆಟ್ಟಿಗೆ ನನ್ನ ಪಾಲಿಗೆ ಬಂದವು. ಎಲುಬಿನ ಪಾಠಕ್ಕೆ ನಾನು ಬೇರೆ ಸ್ಲೈಡುಗಳನ್ನು ಬಳಸಿದೆ. ನಿಜ ಹೇಳಬೇಕೆಂದರೆ, ನೋಡದೆ ಇರುವವರೆಗೂ ಸಿಟ್ಟು ಮಾಡಲು ಯಾರೋ ಒಬ್ಬರು ಇರುತ್ತಿದ್ದರು. ಅದು ನನಗೆ ಬೇಕಾಗಿತ್ತು.

ಕಳೆದ ವಾರ ಆ ಅಣ್ಣ ಗೋಡೆ ನೋಡುತ್ತ ನಿಂತಿದ್ದಾಗ ಬೈಯಲು ಬಾಯಿ ತೆರೆದೆ. ಹೊರಟದ್ದು ಬೇರೆಯೇ ಮಾತು. "ಸುಳ್ಳ ಹೇಳಬ್ಯಾಡ್ರಿ. ಕಟ್ಟಿದ ಮ್ಯಾಲ ಬಾತದೋ, ಬಾತ ಮ್ಯಾಲ ಕಟ್ಟಿಸೀರೋ? ಅಷ್ಟ ಹೇಳ್ರಿ." ಆತ ಬೆಚ್ಚಿ ನನ್ನ ಮುಖ ನೋಡಿದ. ಆಮೇಲೆ ಕುರ್ಚಿಯ ತುದಿಯಲ್ಲಿ ಕೂತು, ಬಾವಿಯ ಕಟ್ಟೆಯ ಮೇಲೆ ಆಕೆ ಜಾರಿ ಬಿದ್ದಲ್ಲಿಂದ ಹಿಡಿದು ಎಲ್ಲವನ್ನೂ ಹೇಳಿದ. ಆತ ಹೋದ ಮೇಲೂ ಆ ಪ್ರಶ್ನೆ ಕೋಣೆಯಲ್ಲಿಯೇ ಉಳಿಯಿತು. ಎಲುಬಿನ ಗಂಟಿನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು, ಯಾವುದು ಮೊದಲು, ಯಾವುದು ಆಮೇಲೆ. ನೆಪವೆಂದು ನಾನು ತಳ್ಳಿಹಾಕಿದ ಮಾತನ್ನು ನಾನೇ ಹತಾರಿನಂತೆ ಬಳಸಿದ್ದೆ. ಇನ್ನು ನೋಡದೆ ಇರುವಂತಿರಲಿಲ್ಲ. ಬಾಗಿಲು ಮುಂದೆ ಮಾಡಿ ಪೆಟ್ಟಿಗೆ ತೆಗೆದೆ.

ಮೊದಲು ನನ್ನದನ್ನು ಇಟ್ಟೆ. ನೀಲಿ ಮೃದ್ವಸ್ಥಿ, ಅದರ ಸುತ್ತ ಗುಲಾಬಿ ಬಣ್ಣದ ಕೊಲಾಜನ್. ನೀಲಿಯಿಂದ ಗುಲಾಬಿಗೆ, ಗುಲಾಬಿಯಿಂದ ಎಲುಬಿಗೆ ಹಂತಹಂತವಾಗಿ ಬಲಿಯುತ್ತ ಹೋಗಿತ್ತು. ಹೊಸ ಎಲುಬಿನ ಅಂಚಿಗೆ ಜೀವಕೋಶಗಳು ಕೂರಿಗೆ ಸಾಲಿನ ಪೈರಿನಂತೆ ಒಂದರ ಪಕ್ಕ ಒಂದು ನಿಂತಿದ್ದವು. ಗಡಿಬಿಡಿಯಿದೆ, ಆದರೆ ಕ್ರಮ ತಪ್ಪಿಲ್ಲ. ವಾಸಿಯಾಗುತ್ತಿದ್ದ ಎಲುಬು.

ಆಮೇಲೆ ಅಕ್ಕನದು. ಮೊದಲ ನೋಟಕ್ಕೆ ಅದೇ ನೀಲಿ, ಅದೇ ಗುಲಾಬಿ. ಒಂದು ಕಡೆ ಸಾಲು ಕೂಡ ಕಂಡಿತು, ಮುತ್ಯಾ ತಿಕ್ಕಿದ್ದಕ್ಕೆ ದೇಹ ಮಾಡಿಕೊಂಡದ್ದು ಇರಬೇಕು. ನಾನು ತಪ್ಪು ಹುಡುಕುತ್ತಿದ್ದೆ, ಅದು ಸಿಕ್ಕಿತು ಎಂದುಕೊಂಡೆ. ಸ್ಲೈಡನ್ನು ಮೆಲ್ಲಗೆ ಸರಿಸಿದೆ. ಸಾಲು ಮುಗಿಯಿತು. ಅದರಾಚೆ ಜೀವಕೋಶಗಳಿಗೆ ಅಳತೆಯಿರಲಿಲ್ಲ, ದಿಕ್ಕಿರಲಿಲ್ಲ. ಒಂದು ದೊಡ್ಡದು, ಒಂದು ಸಣ್ಣದು, ಒಂದು ಎರಡಾಗಿ ಒಡೆಯುತ್ತಿರುವುದು. ಅವುಗಳ ಸಂದಿಯಲ್ಲೆಲ್ಲ ಆ ಕೆಟ್ಟ ಜೀವಕೋಶಗಳೇ ನೇಯ್ದ ಗುಲಾಬಿ ಕೊಲಾಜನ್ ಎಳೆಗಳು ಜಾಳುಜಾಳಾಗಿ ಹರಡಿದ್ದವು. ಇನ್ನೊಮ್ಮೆ ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಇಂಥದ್ದನ್ನು ಬೇರೆ ಯಾರ ಸ್ಲೈಡಿನಲ್ಲಿ ಕಂಡಿದ್ದರೂ ನಾನು ಒಂದು ಕ್ಷಣ ತಡವರಿಸುತ್ತಿರಲಿಲ್ಲ.

ಮೇಡಂ ಸರಿಯಾಗಿಯೇ ಓದಿದ್ದರು. ಮುತ್ಯಾನ ಕೈ ಆ ಗಂಟನ್ನು ಹುಟ್ಟಿಸಿರಲಿಲ್ಲ. ಅಕ್ಕ ಅಪ್ಪನ ಹೆಸರು ಉಳಿಸಲು ಕಾಲು ಕೊಟ್ಟಿರಲಿಲ್ಲ, ನೆಪವನ್ನೂ ಹೇಳಿರಲಿಲ್ಲ. ಆಕೆ ಹೇಳಿದ್ದು ಇದ್ದದ್ದು ಇದ್ದ ಹಾಗೆ. ಇಷ್ಟು ವರ್ಷ ಹೊತ್ತು ತಿರುಗಿದ ಸಿಟ್ಟನ್ನು ಇಳಿಸಲು ಯಾರ ತಲೆಯೂ ಉಳಿಯಲಿಲ್ಲ. ತಪ್ಪು ಯಾರದೂ ಆಗಿರಲಿಲ್ಲ. ಆಕೆ ಮಾತ್ರ ಇರಲಿಲ್ಲ. ಹಾಗೇ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಆಕೆ ಸತ್ತ ಸುದ್ದಿ ಬಂದಾಗಲೂ ಹಾಗೆ ಅತ್ತಿರಲಿಲ್ಲ.

ಅವ್ವ ಈಗ ಊರಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಸಂಜೆ ಫೋನ್ ಮಾಡಿದೆ. ಬಾಜೂ ಖಾಟಿನ ಅಕ್ಕ ಎಂದ ಕೂಡಲೇ ಆಕೆಗೆ ನೆನಪಾಯಿತು. ಸ್ಲೈಡಿನ ಮಾತನ್ನು ತಿಳಿಯುವಂತೆ ಬಿಡಿಸಿ ಹೇಳಿದೆ. ಆಕೆಯ ಗಂಟು ಕೆಟ್ಟದ್ದೇ ಆಗಿತ್ತು, ತನ್ನದು ಬೇರೆ ಎಂದು ಆಕೆಗೆ ಮೊದಲೇ ಗೊತ್ತಿತ್ತು, ನಮ್ಮ ಸುಳ್ಳನ್ನು ಒಡೆದರೂ ಆಕೆಯ ಕಾಲು ಉಳಿಯುವಂತಿರಲಿಲ್ಲ ಎಂದೆ.

ಅವ್ವ ನನ್ನನ್ನೇ ಕೇಳಿದಳು.

"ಹಂಗಾರ ಆಕಿ ಯಾಕ ಹೇಳಿದಳ ಬೇ? ಹೆತ್ತಪ್ಪನ ಹೆಸರ ಮಂದ್ಯಾಗ ಕೆಡಿಸ್ಕೊಂಡಳು. ನನ್ನ ಕೈಲೆ ಬೈಸ್ಕೊಂಡಳು. ಆಕಿಗೇನ ಸಿಕ್ತು ಅದರಾಗ?"

"ಏನೂ ಸಿಗಲಿಲ್ಲ ಯವ್ವಾ" ಎಂದೆ.

ಅವ್ವ ಏನೋ ಒಂದು ಕಾರಣ ಹುಡುಕುತ್ತಾಳೆ, ಇನ್ನೊಂದು ಅನುಮಾನ ತೆಗೆಯುತ್ತಾಳೆ ಎಂದು ನಾನು ಕಾದೆ. ತೆಗೆಯಲಿಲ್ಲ. ಆ ಕಡೆಯಿಂದ ಸೆರಗು ಬಾಯಿಗೆ ಒತ್ತಿಕೊಂಡು ಅಳುವ ಸದ್ದು ಬಂತು. ಫೋನನ್ನು ಇಬ್ಬರೂ ಇಡಲಿಲ್ಲ.